ಹಿಗ್ಗಿನ್ಸ್ ಭಾಗವತರು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಚಂದ್ರಂಪಳ್ಳಿ)

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಉಂಟು. ಗುಣದ ಮಾತು ಅಂತಿರಲಿ, ವಿದ್ಯೆಯ ವಿಷಯದಲ್ಲಿಯೂ ಬಹುಜನರು ಇದನ್ನೇ ನಂಬಿದ್ದಾರೆ. ಅದರಲ್ಲಿಯೂ ಸಂಗೀತದ ಪ್ರಸ್ತಾಪ ಬಂದರೆ ಈ ನಂಬಿಕೆ ಮತ್ತಷ್ಟು ಬಿಗಿಯಾಗುತ್ತದೆ. ರಾಗವು ರಕ್ತದಲ್ಲಿ ಹರಿದು ಬಂದಿರಬೇಕು, ತಾಳವು ತೊಟ್ಟಿಲಲ್ಲಿಯೇ ಕಿವಿಗೆ ಬಿದ್ದಿರಬೇಕು, ಮನೆತನದಲ್ಲಿ ಎರಡು ಮೂರು ತಲೆಮಾರಿನವರು ಹಾಡಿರಬೇಕು, ಆಗ ಮಾತ್ರ ಈ ವಿದ್ಯೆ ಒಲಿಯುವುದು ಎಂದು ತಿಳಿದವರೇ ಹೇಳುವುದುಂಟು. ಈ ಮಾತು ನಿಜವಾದರೆ, ಹಾಡದ ಮನೆಯಲ್ಲಿ ಹುಟ್ಟಿದವನು ಕೇಳುಗನಾಗಿಯೇ ಕೊನೆಗಾಣಬೇಕು. ಓದದ ಮನೆಯಲ್ಲಿ ಹುಟ್ಟಿದವನ ಗತಿಯೂ ಅದೇ ಆಗಬೇಕು.

ಈ ನಂಬಿಕೆಯನ್ನು ತಮ್ಮ ಬಾಳಿನಿಂದಲೇ ಅಲುಗಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅವರು ನಮ್ಮ ದೇಶದವರಲ್ಲ, ನಮ್ಮ ಧರ್ಮದವರಲ್ಲ. ಅವರ ತಾಯ್ನುಡಿ ಇಂಗ್ಲಿಷು. ಆದರೂ ದಕ್ಷಿಣ ಭಾರತದ ರಸಿಕರು ಅವರನ್ನು ಭಾಗವತರೆಂದು ಕರೆದರು. ಸಾವಿರಾರು ಮೈಲಿಗಳಾಚೆಯ ಅಮೆರಿಕದಲ್ಲಿ ಹುಟ್ಟಿ, ಕರ್ನಾಟಕ ಸಂಗೀತವನ್ನು ತಮ್ಮ ಉಸಿರನ್ನಾಗಿ ಮಾಡಿಕೊಂಡ ಜಾನ್ ಬಾರ್ಥ್‌ವಿಕ್ ಹಿಗ್ಗಿನ್ಸ್ ಅವರೇ ಆ ಮಹನೀಯರು.

ಹಿಗ್ಗಿನ್ಸ್ ಅವರು ೧೯೩೯ನೆಯ ಇಸವಿ ಸೆಪ್ಟೆಂಬರ್ ೧೮ರಂದು ಮೆಸಚೂಸೆಟ್ಸ್ ಸಂಸ್ಥಾನದ ಆಂಡೋವರ್ ಎಂಬ ಊರಿನಲ್ಲಿ ಜನಿಸಿದರು. ಆ ಊರಿನಲ್ಲಿ ಫಿಲಿಪ್ಸ್ ಅಕಾಡೆಮಿ ಎಂಬ ಹೆಸರಾಂತ ಹಳೆಯ ಶಾಲೆಯೊಂದಿದೆ. ಅವರ ತಂದೆ ಅಲ್ಲಿ ಅನೇಕ ವರ್ಷಗಳ ಕಾಲ ಇಂಗ್ಲಿಷ್ ಅಧ್ಯಾಪಕರಾಗಿದ್ದರು, ತಾಯಿ ಸಂಗೀತವನ್ನು ಕಲಿಸುತ್ತಿದ್ದರು. ಹೀಗಾಗಿ ಪುಸ್ತಕ ಮತ್ತು ಸಂಗೀತ ಎರಡೂ ಬಾಲಕನಿಗೆ ಮನೆಯಲ್ಲಿಯೇ ದೊರೆತವು. ಆದರೆ ಆ ಸಂಗೀತ ಪಾಶ್ಚಾತ್ಯ ಸಂಗೀತ. ನಮ್ಮ ರಾಗವಾಗಲಿ ತಾಳವಾಗಲಿ ಆ ಮನೆಯ ಬಾಗಿಲಿಗೆ ಬಂದಿರಲಿಲ್ಲ. ಅದೇ ಶಾಲೆಯಲ್ಲಿ ಓದಿ ಮುಗಿಸಿದ ಹಿಗ್ಗಿನ್ಸ್, ಕನೆಕ್ಟಿಕಟ್ ಸಂಸ್ಥಾನದ ಮಿಡ್ಲ್‌ಟೌನ್ ಪಟ್ಟಣದಲ್ಲಿರುವ ವೆಸ್ಲಿಯನ್ ವಿಶ್ವವಿದ್ಯಾಲಯವನ್ನು ಸೇರಿದರು. ಸಂಗೀತ ಮತ್ತು ಇತಿಹಾಸ ಎರಡನ್ನೂ ಮುಖ್ಯ ವಿಷಯಗಳನ್ನಾಗಿ ತೆಗೆದುಕೊಂಡು ೧೯೬೨ರಲ್ಲಿ ಬಿ.ಎ. ಪದವಿಯನ್ನೂ ೧೯೬೪ರಲ್ಲಿ ಎಂ.ಎ. ಪದವಿಯನ್ನೂ ಪಡೆದರು.

ಅವರ ಬಾಳಿನ ತಿರುವು ಒದಗಿದುದು ಈ ವಿಶ್ವವಿದ್ಯಾಲಯದಲ್ಲಿಯೇ. ರಾಬರ್ಟ್ ಬ್ರೌನ್ ಎಂಬ ವಿದ್ವಾಂಸರು ಆ ಕಾಲದಲ್ಲಿ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಬ್ರೌನ್ ಅವರು ಮೂಲತಃ ಪಿಯಾನೋ ಕಲಿತವರು. ಆ ಬಳಿಕ ನಮ್ಮ ಮೃದಂಗಕ್ಕೆ ಮನಸೋತು, ಟಿ. ರಂಗನಾಥನ್ ಅವರ ಶಿಷ್ಯರಾಗಿ ಅದನ್ನು ಅಭ್ಯಾಸ ಮಾಡಿದರು. ದಕ್ಷಿಣ ಭಾರತದ ಮೃದಂಗವಾದನವನ್ನೇ ವಿಷಯವಾಗಿಸಿಕೊಂಡು ಬರೆದ ಮಹಾಪ್ರಬಂಧಕ್ಕೆ ೧೯೬೫ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು. ಒಂದು ದೇಶದ ಸಂಗೀತವನ್ನು ತಿಳಿಯಬೇಕಾದರೆ ಅದರ ಬಗ್ಗೆ ಓದಿದರೆ ಸಾಲದು, ಆ ದೇಶದ ಕಲಾವಿದನ ಮುಂದೆ ಕುಳಿತು ಕಲಿಯಬೇಕು ಎಂಬುದು ಅವರ ಮತವಾಗಿತ್ತು. ೧೯೬೩ರಲ್ಲಿ ರಂಗನಾಥನ್ ಅವರೇ ವೆಸ್ಲಿಯನ್‌ಗೆ ಬಂದರು. ಆ ವಿಶ್ವವಿದ್ಯಾಲಯದ ಮೊತ್ತಮೊದಲ ಆಸ್ಥಾನ ಕಲಾವಿದರು ಅವರೇ ಎಂಬುದು ನಮಗೆಲ್ಲ ಅಭಿಮಾನದ ಸಂಗತಿ.

ಹಿಗ್ಗಿನ್ಸ್ ಅವರು ಮುಂದೆ ಗಾಯಕರಾಗಿ ಹೆಸರಾದರೂ, ಕರ್ನಾಟಕ ಸಂಗೀತದ ಮನೆಯೊಳಗೆ ಅವರು ಕಾಲಿಟ್ಟುದು ಬ್ರೌನ್ ಮತ್ತು ರಂಗನಾಥನ್ ಎಂಬ ಈ ಇಬ್ಬರು ಮೃದಂಗವಾದಕರ ಪಾಠಗಳ ಮೂಲಕ. ಈ ಸಂಗತಿ ನನಗೆ ಬಹಳ ಅರ್ಥವುಳ್ಳದ್ದಾಗಿ ತೋರುತ್ತದೆ. ಮೃದಂಗವನ್ನು ದೂರದಿಂದ ನೋಡಿದವರಿಗೆ ಅದು ಹಲಸಿನ ಮರವನ್ನು ಕೊರೆದು ಎರಡು ಮುಖಕ್ಕೂ ತೊಗಲು ಕಟ್ಟಿದ ವಾದ್ಯ, ಅಷ್ಟೆ. ಹತ್ತಿರ ಹೋಗಿ ನೋಡಿದರೆ ಅದರ ಬಲಮುಖದಲ್ಲಿ ಪದರಪದರವಾಗಿ ತೊಗಲು, ನಡುವೆ ಕಪ್ಪು ಮಸಿಯ ವರ್ತುಲ. ಎಡಮುಖಕ್ಕೆ ನುಡಿಸುವ ಮುನ್ನ ನೀರಿನಲ್ಲಿ ಕಲಸಿದ ರವೆಯನ್ನು ಹಚ್ಚುತ್ತಾರೆ. ಎರಡು ಮುಖಗಳನ್ನೂ ಬಿಗಿಹಿಡಿದಿರುವುದು ಎಮ್ಮೆಯ ತೊಗಲಿನ ವಾರು. ಬಲಮುಖವನ್ನು ಹಾಡುಗಾರನ ಶ್ರುತಿಗೆ ಸರಿಯಾಗಿ ಕೂಡಿಸಬೇಕು. ಆದುದರಿಂದ ಅದು ಬರಿಯ ಸದ್ದಿನ ವಾದ್ಯವಲ್ಲ, ಸ್ವರವುಳ್ಳ ವಾದ್ಯ.

ಈ ವಾದ್ಯದ ಪಾಠ ಮೊದಲು ನಡೆಯುವುದು ಬಾಯಲ್ಲಿ. ತ, ದಿ, ತೋಂ, ನಂ ಎಂಬ ಜತಿಗಳನ್ನು ಶಿಷ್ಯನು ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಹೇಳಬೇಕು. ಬಾಯಿಗೆ ಬಂದದ್ದು ಬೆರಳಿಗೆ ಇಳಿಯಬೇಕು. ಆದಿತಾಳಕ್ಕೆ ಎಂಟು ಎಣಿಕೆ. ಮೊದಲು ನಾಲ್ಕರ ಒಂದು ಲಘು, ಆಮೇಲೆ ಎರಡೆರಡರ ಎರಡು ದ್ರುತ. ಈ ಎಂಟರೊಳಗೆ ಮೂರರ, ಐದರ, ಏಳರ ಗುಂಪುಗಳನ್ನು ಹೊಂದಿಸಿ, ಎಲ್ಲಿಗೆ ಹೋದರೂ ಸರಿಯಾದ ಎಡೆಯಲ್ಲಿ ಬಂದು ಸೇರುವುದು ಲಯಜ್ಞಾನ. ಕಾಗದದ ಮೇಲೆ ಅಚ್ಚಾದ ಸ್ವರಗಳನ್ನು ನೋಡಿ ಹಾಡುವ ಪದ್ಧತಿಯಲ್ಲಿ ಬೆಳೆದ ಅಮೆರಿಕದ ತರುಣನಿಗೆ ಇದು ಹೊಸ ಲೋಕ. ಇಲ್ಲಿ ಕಾಗದವಿಲ್ಲ, ಗುರುವಿನ ಬಾಯುಂಟು, ತನ್ನ ಅಂಗೈಯುಂಟು. ಎಣಿಕೆಯನ್ನು ಮೈಗೂಡಿಸಿಕೊಂಡವನಿಗೇ ಮುಂದೆ ಹಾಡುವಾಗ ಅದನ್ನು ಮರೆತು ನಿರಾಳವಾಗಿ ಇರಲು ಸಾಧ್ಯ. ಹಿಗ್ಗಿನ್ಸ್ ಅವರ ಗಾಯನದಲ್ಲಿ ಕಾಣುವ ನಿಶ್ಚಿಂತೆಗೆ ಬುನಾದಿ ಬಿದ್ದುದು ಇಲ್ಲಿಯೇ ಎಂದರೆ ತಪ್ಪಾಗಲಾರದು.

ರಂಗನಾಥನ್ ಅವರ ಮನೆತನದ ಬಗ್ಗೆ ಇಲ್ಲಿ ಎರಡು ಮಾತು ಹೇಳುವುದು ಅವಶ್ಯ. ಮದರಾಸಿನ ವೀಣಾ ಧನಮ್ಮಾಳ್ (೧೮೬೭-೧೯೩೮) ಅವರ ಹೆಸರನ್ನು ಸಂಗೀತಪ್ರಿಯರೆಲ್ಲರೂ ಬಲ್ಲರು. ಅವರ ಮಗಳು ಜಯಮ್ಮಾಳ್ ಗಾಯಕಿ. ಜಯಮ್ಮಾಳ್ ಅವರ ಮಕ್ಕಳಲ್ಲಿ ಬಾಲಸರಸ್ವತಿ ಭರತನಾಟ್ಯದಲ್ಲಿ ಅಸಮಾನರೆನಿಸಿದರು, ರಂಗನಾಥನ್ ಮೃದಂಗದಲ್ಲಿಯೂ ವಿಶ್ವನಾಥನ್ ಕೊಳಲಿನಲ್ಲಿಯೂ ಪ್ರಸಿದ್ಧರಾದರು. ಇದು ದೇವದಾಸಿಯರ ಪರಂಪರೆಗೆ ಸೇರಿದ ಮನೆತನ. ಈ ಪರಂಪರೆಯ ಹೆಣ್ಣುಮಕ್ಕಳ ಕಲೆಯನ್ನು ಮೆಚ್ಚಿದ ಸಮಾಜವೇ ಅವರ ಬದುಕನ್ನು ಹೀಗಳೆದುದನ್ನು ಚರಿತ್ರೆ ಬಲ್ಲದು. ಗೌರವಸ್ಥರೆನಿಸಿಕೊಂಡವರು ದೂರವಿಟ್ಟ ಜನರೇ ಈ ಕಲೆಯನ್ನು ಕೆಡದಂತೆ ಕಾಪಾಡಿದವರು. ಹೊರನಾಡಿನ ಶಿಷ್ಯನೊಬ್ಬ ಬಂದಾಗ ನೀನು ಯಾರ ಮಗ ಎಂದು ಕೇಳದೆ ಅವರು ಕಲಿಸಿದರು. ಹಿಗ್ಗಿನ್ಸ್ ಅವರ ಭಾಗ್ಯವೆಂದರೆ ಇಂಥವರ ಬಾಗಿಲಿಗೆ ಬಂದು ಸೇರಿದುದು.

ಫುಲ್‌ಬ್ರೈಟ್ ವಿದ್ಯಾರ್ಥಿವೇತನವನ್ನು ಪಡೆದು ಅವರು ಭಾರತಕ್ಕೆ ಬಂದರು. ಮದರಾಸಿನಲ್ಲಿ ವಿಶ್ವನಾಥನ್ ಅವರ ಶಿಷ್ಯರಾಗಿ ಗಾಯನವನ್ನು ಕ್ರಮವಾಗಿ ಕಲಿಯತೊಡಗಿದರು. ಆ ಕಲಿಕೆಯ ಕಷ್ಟವೆಷ್ಟೆಂಬುದನ್ನು ನಾವು ಊಹಿಸಿಕೊಳ್ಳಬೇಕು. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳು ಒಟ್ಟಿಗೆ ಮೊಳಗಿ ಒಂದಕ್ಕೊಂದು ಹೊಂದಿಕೊಳ್ಳುವುದರಲ್ಲಿ ಸೊಗಸುಂಟು. ನಮ್ಮಲ್ಲಿ ಒಂದೇ ಎಳೆ. ಆ ಎಳೆಯೇ ಬಾಗಿ ಬಳುಕಿ ಸೊಗಸಾಗಬೇಕು. ಪಿಯಾನೋದ ಮನೆಗಳಲ್ಲಿ ಸ್ವರಗಳು ಬೇರೆಬೇರೆಯಾಗಿ ನಿಂತಿವೆ. ನಮ್ಮ ಗಮಕಗಳಾದರೋ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವಿನ ಹಾದಿಯಲ್ಲಿ ಹುಟ್ಟುತ್ತವೆ. ತೋಡಿಯ ಗಾಂಧಾರವನ್ನಾಗಲಿ ಭೈರವಿಯ ನಿಷಾದವನ್ನಾಗಲಿ ಬರಹದಲ್ಲಿ ಹಿಡಿದಿಡಲು ಆಗದು, ಕೇಳಿಕೇಳಿಯೇ ಗಂಟಲಿಗೆ ತಂದುಕೊಳ್ಳಬೇಕು. ಇದರ ಮೇಲೆ ಭಾಷೆಗಳ ತೊಡಕು ಬೇರೆ. ತ್ಯಾಗರಾಜರ ತೆಲುಗು, ದೀಕ್ಷಿತರ ಸಂಸ್ಕೃತ, ಪಾಪನಾಶಂ ಶಿವನ್ ಅವರ ತಮಿಳು, ದಾಸರ ಕನ್ನಡ. ಇಂಗ್ಲಿಷ್ ನಾಲಗೆಗೆ ನಮ್ಮ ಣಕಾರ ಳಕಾರಗಳು, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಸುಲಭವಾಗಿ ಬರುವಂಥವಲ್ಲ. ಹಿಗ್ಗಿನ್ಸ್ ಅವರ ಧ್ವನಿಮುದ್ರಿಕೆಗಳನ್ನು ಮೊದಲ ಸಲ ಕೇಳುವವರು ಹಾಡುತ್ತಿರುವವರು ಪರದೇಶದವರೆಂದು ತಿಳಿದು ಬೆರಗಾಗುತ್ತಾರೆ. ಆ ಬೆರಗಿನ ಹಿಂದೆ ಒಂದೊಂದು ಅಕ್ಷರಕ್ಕೂ ಪಟ್ಟ ಪಾಡಿದೆ.

ಭಾರತಕ್ಕೆ ಬಂದ ಅಲ್ಪಕಾಲದಲ್ಲಿಯೇ ಅವರಿಗೆ ತಿರುವಯ್ಯಾರಿನ ತ್ಯಾಗರಾಜ ಆರಾಧನೆಯಲ್ಲಿ ಹಾಡುವ ಅವಕಾಶ ದೊರೆಯಿತು. ಕಾವೇರಿಯ ದಡದಲ್ಲಿ, ೧೮೪೭ರಲ್ಲಿ ಮುಕ್ತರಾದ ಆ ಸಂತರ ಸಮಾಧಿಯ ಮುಂದೆ, ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯಂದು ನಾಡಿನ ವಿದ್ವಾಂಸರೆಲ್ಲ ನೆರೆಯುತ್ತಾರೆ. ಅಲ್ಲಿ ಹಾಡುವುದೆಂದರೆ ಸಂಗೀತಗಾರರಿಗೆ ಗುರುಹಿರಿಯರ ಸಭೆಯಲ್ಲಿ ತಲೆಬಾಗಿ ನಿಂತಂತೆ. ಅಂಥ ಎಡೆಯಲ್ಲಿ ಅಮೆರಿಕದ ಈ ತರುಣನ ಹಾಡು ಕೇಳಿ ನೆರೆದ ರಸಿಕರು ಮೆಚ್ಚಿದರು.

ತಿರುವಯ್ಯಾರಿನ ಬಾಗಿಲು ಎಲ್ಲರಿಗೂ ಯಾವಾಗಲೂ ತೆರೆದಿದ್ದುದಲ್ಲ ಎಂಬುದನ್ನು ಕನ್ನಡಿಗರಾದ ನಾವು ಮರೆಯಬಾರದು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ಹಾಡಿ ಗಳಿಸಿದ ಹಣವನ್ನೆಲ್ಲ ಸುರಿದು ತ್ಯಾಗರಾಜರ ಸಮಾಧಿಗೆ ಗುಡಿಯನ್ನು ಕಟ್ಟಿಸಿದರು. ೧೯೨೫ರಲ್ಲಿ ಅದರ ಪ್ರತಿಷ್ಠೆಯಾಯಿತು. ಆದರೆ ಗುಡಿ ಕಟ್ಟಿಸಿದ ಹೆಂಗಸಿಗೇ ಆರಾಧನೆಯಲ್ಲಿ ಹಾಡಲು ಅಂದಿನ ಗಂಡಸರು ಎಡೆಗೊಡಲಿಲ್ಲ. ನಾಗರತ್ನಮ್ಮನವರು ಕುಗ್ಗದೆ ೧೯೨೭ರಿಂದ ಹೆಂಗಸರದೇ ಬೇರೊಂದು ಆರಾಧನೆಯನ್ನು ನಡೆಸಿದರು. ೧೯೪೦ರಲ್ಲಿ ಪಂಗಡಗಳೆಲ್ಲ ಒಂದಾಗಿ, ಹೆಂಗಸರೂ ಗಂಡಸರೂ ಒಂದೇ ಸಭೆಯಲ್ಲಿ ಹಾಡುವಂತಾಯಿತು. ೧೯೫೨ರಲ್ಲಿ ತೀರಿಕೊಂಡ ಆ ತಾಯಿಯ ಸಮಾಧಿ ಇಂದಿಗೂ ತ್ಯಾಗರಾಜರ ಸಮಾಧಿಗೆ ಎದುರಾಗಿದೆ. ಹಿಗ್ಗಿನ್ಸ್ ಅವರು ದಾಟಿದ ಹೊಸ್ತಿಲನ್ನು ಮೊದಲು ಸವೆಸಿದವರು ಇಂಥವರು. ಒಬ್ಬರು ತೆರೆದ ಬಾಗಿಲಿನಿಂದ ಮುಂದೆ ಯಾರು ಯಾರು ಬರುವರೋ ಬಲ್ಲವರಾರು!

ಕ್ರಮೇಣ ಹಿಗ್ಗಿನ್ಸ್ ಅವರ ಕಛೇರಿಗಳು ದಕ್ಷಿಣದ ಸಭೆಗಳಲ್ಲಿ ನಡೆಯತೊಡಗಿದವು. ಅವರ ಧ್ವನಿಮುದ್ರಿಕೆಗಳು ಹೊರಬಂದವು. ಮೊದಮೊದಲು ವಿಚಿತ್ರವೊಂದನ್ನು ನೋಡುವ ಕುತೂಹಲದಿಂದ ಬಂದ ಜನ ಆಮೇಲೆ ಸಂಗೀತ ಕೇಳಲೆಂದೇ ಬರತೊಡಗಿದರು. ಭಾಗವತರ್ ಎಂಬುದು ದಕ್ಷಿಣದಲ್ಲಿ ಹಿರಿಯ ಗಾಯಕರ ಹೆಸರಿನೊಡನೆ ಬರುವ ಮಾತು. ಅದನ್ನು ಯಾವ ಸರಕಾರವೂ ಕೊಡುವುದಿಲ್ಲ, ಕೇಳುವ ಕಿವಿಗಳು ಒಪ್ಪಿ ಕೊಡಬೇಕು. ಹಿಗ್ಗಿನ್ಸ್ ಭಾಗವತರ್ ಎಂದು ಜನರೇ ಕರೆದರು. ತ್ಯಾಗರಾಜರು ಶ್ರೀರಾಗದಲ್ಲಿ ಎಲ್ಲ ಮಹಾನುಭಾವರಿಗೂ ನಮಸ್ಕರಿಸಿ ರಚಿಸಿದ ಎಂದರೋ ಮಹಾನುಭಾವುಲು ಕೃತಿಯನ್ನು ಅವರ ಕಂಠದಲ್ಲಿ ಕೇಳಿದವರಿಗೆ, ಆ ನಮಸ್ಕಾರ ಎಷ್ಟು ದೂರದಿಂದ ಬಂದುದೆಂದು ತಿಳಿದು ಮನಸ್ಸು ಕರಗುತ್ತದೆ.

ಕನ್ನಡಿಗರಿಗೆ ಹಿಗ್ಗಿನ್ಸ್ ಅವರಲ್ಲಿ ವಿಶೇಷವಾದ ಪ್ರೀತಿ ಉಂಟು. ಅದಕ್ಕೆ ಕಾರಣ ಕೃಷ್ಣಾ ನೀ ಬೇಗನೆ ಬಾರೋ ಎಂಬ ದೇವರನಾಮ. ವಿಜಯನಗರದ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿದ್ದ, ಪುರಂದರದಾಸ ಕನಕದಾಸರಿಗೆ ಗುರುಗಳಾದ, ೧೫೩೯ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರು ಉಡುಪಿಯ ಕೃಷ್ಣನನ್ನು ಕುರಿತು ರಚಿಸಿದ ಹಾಡು ಇದು. ಯಮುನಾಕಲ್ಯಾಣಿ ರಾಗ, ಮಿಶ್ರಛಾಪು ತಾಳ. ಬಾಲಸರಸ್ವತಿಯವರು ಈ ಕನ್ನಡ ಹಾಡಿಗೆ ಮಾಡುತ್ತಿದ್ದ ಅಭಿನಯ ಜಗತ್ಪ್ರಸಿದ್ಧವಾಗಿತ್ತು. ಸತ್ಯಜಿತ್ ರಾಯ್ ಅವರು ೧೯೭೬ರಲ್ಲಿ ಅವರನ್ನು ಕುರಿತು ತೆಗೆದ ಚಿತ್ರದಲ್ಲಿ, ಕಡಲ ದಂಡೆಯ ಮೇಲೆ ಅವರು ಈ ಹಾಡಿಗೆ ಅಭಿನಯಿಸುವುದನ್ನು ಇಂದಿಗೂ ನೋಡಬಹುದು. ಅದೇ ಮನೆತನದ ಶಿಷ್ಯರಾದ ಹಿಗ್ಗಿನ್ಸ್ ಅವರಿಗೆ ಈ ಹಾಡು ಬಹಳ ಹೆಸರನ್ನು ತಂದಿತು. ಹೀಗೆ ಹಂಪೆಯ ಕಾಲದ ಒಂದು ಕನ್ನಡ ಹಾಡು ಮದರಾಸಿನ ಮನೆಯೊಂದರಲ್ಲಿ ಬೆಳೆದು, ಅಮೆರಿಕದವರೊಬ್ಬರ ಕಂಠದ ಮೂಲಕ ಮತ್ತೆ ನಮ್ಮ ಕಿವಿಗೆ ಬಂತು.

ಅವರು ಉಡುಪಿಗೆ ಬಂದಿದ್ದರೆಂದೂ, ಪರಧರ್ಮದವರೆಂದು ಗುಡಿಯ ಹೊರಗೇ ನಿಲ್ಲಬೇಕಾಯಿತೆಂದೂ, ಅಲ್ಲಿಯೇ ನಿಂತು ಈ ಹಾಡನ್ನು ಹಾಡಿದರೆಂದೂ ಒಂದು ಕಥೆ ಕನ್ನಡನಾಡಿನಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಈ ಕಥೆಯನ್ನು ನಾನು ಚರಿತ್ರೆಯ ಸಂಗತಿಯೆಂದು ಇಲ್ಲಿ ಬರೆಯುತ್ತಿಲ್ಲ, ಜನರ ಮನಸ್ಸಿನ ಸಾಕ್ಷಿಯೆಂದು ಬರೆಯುತ್ತಿದ್ದೇನೆ. ಹಿಂದೆ ಕನಕದಾಸರನ್ನು ಕುರಿತು ಕಿಂಡಿಯ ಕಥೆಯನ್ನು ಹೇಳಿದ ಜನರೇ ಈ ಪರದೇಶಿಯ ಕಥೆಯನ್ನೂ ಹೇಳುತ್ತಾರೆ. ಹೊರಗೆ ನಿಂತವನ ಹಾಡು ಒಳಗಿರುವವನಿಗೆ ಕೇಳಿಸುತ್ತದೆ ಎಂಬ ನಂಬಿಕೆ ನಮ್ಮ ಜನಕ್ಕೆ ಬಹು ಹಳೆಯದು. ಆ ನಂಬಿಕೆಯ ಸಾಲಿನಲ್ಲಿ ಕನಕದಾಸರ ಪಕ್ಕಕ್ಕೆ ಹಿಗ್ಗಿನ್ಸ್ ಅವರನ್ನು ನಿಲ್ಲಿಸಿದ್ದಾರೆಂದರೆ, ಜನ ಅವರನ್ನು ಎಷ್ಟು ಒಳಗಿನವರೆಂದು ಬಗೆದರು ಎಂಬುದು ತಾನಾಗಿಯೇ ತಿಳಿಯುತ್ತದೆ.

ಹಿಗ್ಗಿನ್ಸ್ ಅವರು ಗಾಯಕರಾಗಿದ್ದಂತೆಯೇ ವಿದ್ವಾಂಸರೂ ಆಗಿದ್ದರು. ಬಾಲಸರಸ್ವತಿಯವರಲ್ಲಿ ಕಲಿತು, ಭರತನಾಟ್ಯದ ಸಂಗೀತವನ್ನು ಕುರಿತು ಮಹಾಪ್ರಬಂಧವನ್ನು ಬರೆದು, ೧೯೭೩ರಲ್ಲಿ ವೆಸ್ಲಿಯನ್‌ನಿಂದ ಡಾಕ್ಟರೇಟ್ ಪಡೆದರು. ಅದಕ್ಕೆ ಮುಂಚೆಯೇ, ೧೯೭೧ರಲ್ಲಿ, ಕೆನಡಾ ದೇಶದ ಟೊರಾಂಟೊ ನಗರದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಸಂಗೀತದ ಶಿಕ್ಷಣಕ್ರಮವನ್ನು ಆರಂಭಿಸಿದರು. ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ಮೃದಂಗ ವಿದ್ವಾನ್ ತಿರುಚ್ಚಿ ಶಂಕರನ್. ಶಂಕರನ್ ಅವರೂ ರಂಗನಾಥನ್ ಅವರೂ ಪಳನಿ ಸುಬ್ರಹ್ಮಣ್ಯ ಪಿಳ್ಳೆ ಎಂಬ ಒಬ್ಬನೇ ಗುರುವಿನ ಶಿಷ್ಯರು. ಹಿಗ್ಗಿನ್ಸ್ ಅವರಿಗೆ ಲಯದ ಮೊದಲ ಪಾಠ ಹೇಳಿದ ಪರಂಪರೆಯೇ ಅವರು ಗುರುವಾದಾಗಲೂ ಪಕ್ಕದಲ್ಲಿ ಬಂದು ಕುಳಿತಂತಾಯಿತು. ಹಿಮ ಬೀಳುವ ಆ ನಾಡಿನಲ್ಲಿ ಬೇರೆಬೇರೆ ದೇಶಗಳ ತರುಣರು ನೆಲದ ಮೇಲೆ ಕುಳಿತು, ಬಾಯಲ್ಲಿ ಜತಿ ಹೇಳುತ್ತ, ತೊಡೆಯ ಮೇಲೆ ತಾಳ ಹಾಕತೊಡಗಿದರು. ೧೯೭೮ರಲ್ಲಿ ಹಿಗ್ಗಿನ್ಸ್ ಅವರು ವೆಸ್ಲಿಯನ್‌ಗೆ ಮರಳಿ, ಸಂಗೀತದ ಪ್ರಾಧ್ಯಾಪಕರಾಗಿಯೂ ಅಲ್ಲಿನ ಕಲಾಕೇಂದ್ರದ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಅವರ ಗುರುಗಳಾದ ರಂಗನಾಥನ್ ಮತ್ತು ವಿಶ್ವನಾಥನ್ ಇಬ್ಬರೂ ಆಗ ಅಲ್ಲಿಯೇ ಕಲಿಸುತ್ತಿದ್ದರು. ಗುರುಶಿಷ್ಯರು ಒಂದೇ ವಿದ್ಯಾಲಯದಲ್ಲಿ ಸಹೋದ್ಯೋಗಿಗಳಾಗಿ ಬಾಳುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು?

ಈ ಚರಿತ್ರೆಯನ್ನು ಬರೆಯಲು ನನಗೇಕೆ ಮನಸ್ಸಾಯಿತು ಎಂಬುದನ್ನು ಇಲ್ಲಿ ಹೇಳುವುದು ಉಚಿತ. ನನ್ನ ಊರು ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ. ಕಾಡು, ಗುಡ್ಡ, ಕೆರೆಯಂಥ ಅಣೆಕಟ್ಟಿನ ನೀರು, ಸುತ್ತ ತಾಂಡಾಗಳು, ಇವೇ ನಮ್ಮ ಊರಿನ ಸಂಪತ್ತು. ನಮ್ಮ ಮನೆತನದಲ್ಲಿ ಪದವಿಯ ತರಗತಿಗೆ ಬಂದವನು ನಾನೇ ಮೊದಲಿಗ. ನಮ್ಮ ಅಪ್ಪ ಕೂಲಿಯ ಮಾತು ಬಿಟ್ಟರೆ ಜಾತ್ರೆಯಲ್ಲಿ, ಮೊಹರಮ್ಮಿನಲ್ಲಿ, ಮದುವೆಯಲ್ಲಿ, ಸಾವಿನಲ್ಲಿ ಹಲಗೆ ಬಾರಿಸುವವರು. ಬಾರಿಸುವ ಮುನ್ನ ಹಲಗೆಯನ್ನು ಬೆಂಕಿಗೆ ಕಾಯಿಸಿ, ಬೆರಳಿನಿಂದ ತಟ್ಟಿ, ಕಿವಿಯನ್ನು ಹತ್ತಿರ ತಂದು ಸದ್ದು ಬಿಗಿಯಾಯಿತೇ ಎಂದು ನೋಡುತ್ತಾರೆ. ಶ್ರುತಿ ಎಂಬ ಮಾತು ಅವರಿಗೆ ಗೊತ್ತಿಲ್ಲ. ಕೃಷ್ಣಾ ನೀ ಬೇಗನೆ ಬಾರೋ ಹಾಡಿನ ಮಿಶ್ರಛಾಪು ಎಂದರೆ ಏಳರ ನಡೆ, ಮೂರು ಮತ್ತು ನಾಲ್ಕು. ವಸತಿನಿಲಯದಲ್ಲಿ ಮೊಬೈಲಿನಲ್ಲಿ ಹಿಗ್ಗಿನ್ಸ್ ಅವರ ಆ ಹಾಡನ್ನು ಕೇಳುತ್ತ ಮೇಜಿನ ಮೇಲೆ ಎಣಿಸತೊಡಗಿದಾಗ, ಈ ನಡೆ ನನಗೆ ಹೊಸದೆನಿಸಲಿಲ್ಲ. ನಮ್ಮ ಓಣಿಯ ಭಜನೆಯ ಪದಗಳಲ್ಲಿಯೂ ಅದನ್ನು ಕೇಳುತ್ತ ಬೆಳೆದಿದ್ದೆ. ಅದಕ್ಕೊಂದು ಹೆಸರುಂಟೆಂಬುದು ಮಾತ್ರ ತಿಳಿದಿರಲಿಲ್ಲ.

ಬಿ.ಎ. ಮೊದಲ ವರ್ಷದಲ್ಲಿ ನಾನು ತಬಲಾ ಕಲಿಯಬೇಕೆಂದು ಪಟ್ಟಣದ ಒಬ್ಬರನ್ನು ಕೇಳಿದ್ದೆ. ಅವರು ನನ್ನ ಊರನ್ನೂ ತಂದೆಯ ಕಸುಬನ್ನೂ ವಿಚಾರಿಸಿ, ಹಲಗೆ ಬಾರಿಸುವ ಕೈ ಗಡುಸಾಗಿರುತ್ತದೆ, ಈ ವಿದ್ಯೆ ಅಂಥವರಿಗೆ ಹತ್ತುವುದಲ್ಲ ಎಂಬ ಅರ್ಥದಲ್ಲಿ ನಯವಾಗಿಯೇ ಹೇಳಿ ಕಳುಹಿಸಿದರು. ಸಿಟ್ಟಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ ನನ್ನಲ್ಲಿ ಉಳಿಯಿತು. ಮೃದಂಗಕ್ಕೂ ತಬಲಾಕ್ಕೂ ತೊಗಲು ಬೇಕು. ಆ ತೊಗಲನ್ನು ಹದಮಾಡಿ, ಪದರ ಜೋಡಿಸಿ, ವಾರು ಬಿಗಿದು, ಸ್ವರಕ್ಕೆ ತರುವ ಕುಶಲಿಗಳು ಯಾರು? ಅವರ ಕೈ ಗಡುಸಾಗಿದ್ದರೆ ವಿದ್ವಾಂಸರ ಬೆರಳಿಗೆ ಆ ನಾದ ಎಲ್ಲಿಂದ ಬಂದೀತು? ವಾದ್ಯವನ್ನು ಕಟ್ಟುವವನ ಕಿವಿಯೂ ನುಡಿಸುವವನ ಕಿವಿಯೂ ಒಂದೇ ಸ್ವರವನ್ನು ಹುಡುಕುತ್ತವೆ. ಒಬ್ಬನಿಗೆ ವೇದಿಕೆ ಸಿಕ್ಕಿತು, ಇನ್ನೊಬ್ಬನಿಗೆ ವೇದಿಕೆಯ ಹಿಂಭಾಗ ಸಿಕ್ಕಿತು.

ಹಿಗ್ಗಿನ್ಸ್ ಅವರ ಬಾಳು ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಕೊಡುತ್ತದೆ. ಸಾಗರದಾಚೆ ಹುಟ್ಟಿದ, ರಾಗದ ಹೆಸರನ್ನೇ ಕೇಳದ ಮನೆಯಲ್ಲಿ ಬೆಳೆದ ಒಬ್ಬರಿಗೆ ಈ ವಿದ್ಯೆ ಹತ್ತಿತು ಎಂದ ಮೇಲೆ, ಅದು ಹುಟ್ಟಿನಿಂದಲೇ ಬರತಕ್ಕದ್ದೆಂಬ ವಾದ ನಿಲ್ಲುವುದಿಲ್ಲ. ಉಳಿದ ಅರ್ಧವನ್ನು ನಾವು ಕಣ್ತೆರೆದು ನೋಡಬೇಕು. ಹಿಗ್ಗಿನ್ಸ್ ಅವರ ಶ್ರದ್ಧೆ ದೊಡ್ಡದು, ನಿಜ. ಆದರೆ ಆ ಶ್ರದ್ಧೆಗೆ ಆಸರೆಯಾಗಿ ಅವರಿಗೆ ಓದಿದ ತಂದೆತಾಯಿಗಳಿದ್ದರು, ಒಳ್ಳೆಯ ಶಾಲೆಯಿತ್ತು, ಮೃದಂಗ ವಿದ್ವಾಂಸರನ್ನೇ ಕರೆಸಿಕೊಂಡ ವಿಶ್ವವಿದ್ಯಾಲಯವಿತ್ತು, ವರ್ಷಗಟ್ಟಲೆ ನಿಶ್ಚಿಂತೆಯಿಂದ ಕಲಿಯಲು ವಿದ್ಯಾರ್ಥಿವೇತನವಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕುಲವನ್ನು ಕೇಳದೆ ಕಲಿಸಿದ ಗುರುಗಳಿದ್ದರು. ಪ್ರತಿಭೆಯೆಂಬ ಬೀಜ ಎಲ್ಲ ನೆಲದಲ್ಲಿಯೂ ಬೀಳುತ್ತದೆ, ನೀರು ಮಾತ್ರ ಕೆಲವು ಹೊಲಗಳಿಗೇ ಹರಿಯುತ್ತದೆ. ಅವರನ್ನು ಕೊಂಡಾಡುವಾಗ ಅವರಿಗೆ ಹರಿದ ಈ ನೀರನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಕಲಿಯಲಾಗದವರೆಲ್ಲ ಸೋಮಾರಿಗಳು ಎಂಬ ತಪ್ಪು ನಿರ್ಣಯಕ್ಕೆ ಬಂದೇವು.

ನಮ್ಮ ಸೀಮೆಯ ಚರಿತ್ರೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಅದೇ. ಓದದ ಜನರಲ್ಲಿಯೂ ಕಾವ್ಯದ ಜಾಣ್ಮೆ ಉಂಟೆಂದು ಆ ಗ್ರಂಥ ಕನ್ನಡಿಗರನ್ನು ಮೆಚ್ಚಿಕೊಂಡಿರುವುದು ಎಲ್ಲರಿಗೂ ತಿಳಿದ ವಿಷಯ. ಆ ಜಾಣ್ಮೆ ಇಂದಿಗೂ ನಮ್ಮ ಊರುಗಳ ತತ್ವಪದಗಳಲ್ಲಿ, ಲಂಬಾಣಿ ತಾಯಂದಿರ ಹಾಡುಗಳಲ್ಲಿ, ಹಲಗೆಯ ಪೆಟ್ಟಿನಲ್ಲಿ ಜೀವಂತವಾಗಿದೆ. ಅದಕ್ಕೆ ಬೇಕಾಗಿರುವುದು ಹೊಗಳಿಕೆಗಿಂತ ಹೆಚ್ಚಾಗಿ ಒಬ್ಬ ಗುರು, ಒಂದು ಕೊಠಡಿ, ದಿನಕ್ಕೊಂದು ಗಂಟೆಯ ಬಿಡುವು.

ಹಿಗ್ಗಿನ್ಸ್ ಅವರ ಆಯುಷ್ಯ ಮಾತ್ರ ಕಿರಿದಾಯಿತು. ೧೯೮೪ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಬಾಲಸರಸ್ವತಿಯವರು ಕಾಲವಶರಾದರು. ಅದೇ ವರ್ಷ ಡಿಸೆಂಬರ್ ೭ರಂದು ಹಿಗ್ಗಿನ್ಸ್ ಅವರು ತಮ್ಮ ನಾಯಿಯೊಡನೆ ತಿರುಗಾಡಲು ಹೊರಟಿದ್ದಾಗ, ಕುಡಿದು ವಾಹನ ನಡೆಸುತ್ತಿದ್ದವನೊಬ್ಬ ಅವರಿಗೆ ಡಿಕ್ಕಿ ಹೊಡೆದನು. ಆ ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ನಾಲ್ವತ್ತೈದು ವರ್ಷ. ಗಾಯಕನ ಕಂಠ ಪಕ್ವವ಼ಾಗಿ ತುಂಬಿ ಬರುವ ವಯಸ್ಸು ಅದು. ಶಿಷ್ಯನನ್ನು ಕಳೆದುಕೊಂಡ ರಂಗನಾಥನ್ ಅವರು ೧೯೮೭ರಲ್ಲಿಯೂ ವಿಶ್ವನಾಥನ್ ಅವರು ೨೦೦೨ರಲ್ಲಿಯೂ ಕಾಲವಾದರು. ಮೊದಲು ದಾರಿ ತೋರಿದ ಬ್ರೌನ್ ಅವರು ೨೦೦೫ರವರೆಗೆ ಬದುಕಿದ್ದರು. ಹಿರಿಯರೆಲ್ಲರ ಮುಂದೆ ಕಿರಿಯನೇ ಹೊರಟುಹೋದನು.

ಆದರೂ ಅವರು ಬಿಟ್ಟುಹೋದುದು ಸ್ವಲ್ಪವಲ್ಲ. ಅವರು ಶಂಕರನ್ ಅವರೊಡನೆ ಟೊರಾಂಟೊದಲ್ಲಿ ಹಚ್ಚಿದ ದೀಪದಿಂದ ಎಷ್ಟೋ ಶಿಷ್ಯರು ಬೆಳಕು ಪಡೆದರು. ಅವರ ಹಾಡುಗಳನ್ನು ಇಂದು ಯಾವ ಹಳ್ಳಿಯಲ್ಲಿ ಕುಳಿತಾದರೂ ಕೇಳಬಹುದು. ಸಭೆಯ ಟಿಕೆಟ್ಟು ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಪರರ ವಿದ್ಯೆಯನ್ನು ಕಲಿಯುವವನು ಹೇಗಿರಬೇಕೆಂಬುದಕ್ಕೆ ಅವರು ಮಾದರಿ. ಬಂದ ಕೂಡಲೆ ತಿದ್ದಲು ಹೊರಡಲಿಲ್ಲ, ತಮ್ಮ ನಾಡಿನ ಸಂಗೀತವನ್ನು ಇದಕ್ಕೆ ಬೆರೆಸಿ ಹೊಸತೆಂದು ಮೆರೆಯಲಿಲ್ಲ. ನೆಲದ ಮೇಲೆ ಕುಳಿತರು, ಗುರು ಹೇಳಿದುದನ್ನು ನೂರು ಸಲ ಹೇಳಿದರು, ಒಂದು ದಿನ ಆ ವಿದ್ಯೆಯೇ ಅವರನ್ನು ತನ್ನವರೆಂದು ಕರೆಯಿತು.

ನಮ್ಮ ಕಾಲೇಜಿನಂಥ ಸರಕಾರಿ ವಿದ್ಯಾಲಯಗಳಿಗೆ ಬರುವವರು ಬಹುಮಟ್ಟಿಗೆ ನನ್ನಂಥ ಮನೆಗಳ ಮಕ್ಕಳು. ಇಲ್ಲಿ ಒಂದು ಜೋಡಿ ತಬಲಾ, ಒಂದು ಹಾರ್ಮೋನಿಯಂ, ವಾರಕ್ಕೆ ಎರಡು ದಿನ ಬಂದು ಕಲಿಸುವ ಒಬ್ಬ ಗುರು ದೊರೆತರೆ, ಯಾರ ಬೆರಳಿನಲ್ಲಿ ಏನಿದೆಯೆಂಬುದು ಆಗ ತಿಳಿದೀತು. ಆ ಕೊಠಡಿಯ ಗೋಡೆಯ ಮೇಲೆ ಪುರಂದರದಾಸರ ಮತ್ತು ತ್ಯಾಗರಾಜರ ಪಟಗಳ ಜೊತೆಗೆ, ಅವರಿಗಿಂತ ಸ್ವಲ್ಪ ಕೆಳಗೆ, ಹಿಗ್ಗಿನ್ಸ್ ಭಾಗವತರ ಪಟವೂ ಇರಲಿ. ದೂರದಿಂದ ನಡೆದು ಬಂದು ಈ ಮನೆಯ ಮಗನಾದ ಆ ಹಿರಿಯ ಚೇತನಕ್ಕೆ ಕನ್ನಡದ ಒಬ್ಬ ವಿದ್ಯಾರ್ಥಿಯ ನಮಸ್ಕಾರಗಳು.